ಕೇಳಿದ್ದಕ್ಕೆ, ಎಂಟುನೂರು ದಿನಾರ್

ಸರ್ಕಾರ ಬೀಳುವುದು ಗ್ರಾಬೊವಿಕದವರಿಗೆ ಹೊಸದಲ್ಲ. ಆ ಶುಕ್ರವಾರವೂ ಒಂದು ಬಿತ್ತು. ಆದರೆ ಅಂದು ಊರಿನ ಮುಂದಿದ್ದ ನಿಜವಾದ ಗಂಭೀರ ಪ್ರಶ್ನೆ ಬೇರೆಯದು: ಮೆಕ್ಯಾನಿಕ್ ರಾದೊಯೆ ಬರೆದುಕೊಟ್ಟ ಬಿಲ್ಲಿನ ಮೊದಲ ಸಾಲು ಉಳಿಯಬೇಕೋ, ಹೋಗಬೇಕೋ?

ಸಾಲು ಇಷ್ಟೇ: "ಕೇಳಿದ್ದಕ್ಕೆ, ಎಂಟುನೂರು ದಿನಾರ್." ರಾದೊಯೆಯ ಎಲ್ಲ ಬಿಲ್ಲುಗಳೂ ಹೀಗೇ ಶುರುವಾಗುತ್ತಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಪಾದ್ರಿ ಪಾಪನಿವೇದನೆ ಕೇಳುವ ಹಾಗೆ ಕೇಳಿ, ಆಮೇಲೆ ರೋಗದ ಹೆಸರು ಹೇಳುತ್ತಿದ್ದ. ನಲವತ್ತು ವರ್ಷಗಳಲ್ಲಿ ಆ ಸಾಲನ್ನು ಪ್ರಶ್ನಿಸಿದವನು ಸ್ವೆಟೋಜಾರ್ ಒಬ್ಬನೇ. ಅವನು ರೈಲ್ವೆಯಲ್ಲಿ ಮೂವತ್ನಾಲ್ಕು ವರ್ಷ ಸುತ್ತಿಗೆಯಿಂದ ಗಾಲಿ ತಟ್ಟಿ, ಬರೀ ನಾದದಲ್ಲೇ ಬಿರುಕು ಪತ್ತೆ ಹಚ್ಚಿ ನಿವೃತ್ತನಾದವನು. ಊರಿನಲ್ಲಿ ಹೆಸರು ಮಾಡಿದ ಕಿವಿಗಳು ಎರಡೇ ಜೊತೆ. ಅವು ಈಗ ಗ್ಯಾರೇಜಿನಲ್ಲಿ, ಸ್ವೆಟೋಜಾರನ ಕಾರಿನ ಪಕ್ಕ, ಎದುರುಬದುರಾಗಿ ನಿಂತಿದ್ದವು. ಪಕ್ಕದ ಅಂಗಡಿಯ ಕ್ಷೌರಿಕ ಉಗ್ಲೆಶಾ ಗಿರಾಕಿಯ ಒಂದು ಕೆನ್ನೆಯನ್ನಷ್ಟೇ ಮುಗಿಸಿ ನೋಡಲು ಬಂದಿದ್ದ.

"ಬೇರಿಂಗ್ ಹಾಕಿದೀಯ, ಅದರ ದುಡ್ಡು ತಗೋ. ಕೂಲೀನೂ ತಗೋ. ಕೇಳಿದ್ದಕ್ಕೆ ಮಾತ್ರ ಕೊಡಲ್ಲ," ಎಂದ ಸ್ವೆಟೋಜಾರ್. "ಎಡಕ್ಕೆ ತಿರುಗಿಸಿದ್ರೆ ಟಕ್ ಟಕ್ ಅನ್ನೋದು ಹಾಗೇ ಇದೆ. ನೀನು ಸರಿಯಾಗಿ ಕೇಳಿದ್ರೆ ಸಿಗ್ತಿತ್ತು."

ರಾದೊಯೆ ಹೆಂಡತಿಯ ಕಡೆ ನೋಡಿದ. ದೆಸಾಂಕಾ ಕಾಫಿಯ ತಟ್ಟೆ ಹಿಡಿದುಕೊಂಡೇ ಗಂಡನ ಎದುರಿಗೆ ಬಂದು ನಿಂತಳು. "ಸದ್ದು ಹಾಗೇ ಇದೆಯಂತೆ. ಕೇಳಿದ್ದಕ್ಕೆ ಕೊಡಲ್ವಂತೆ."

"ಸದ್ದು ಹೋಗಿದೆ," ಎಂದ ರಾದೊಯೆ. "ನಿನ್ನ ಕಿವೀಲಿ ಇನ್ನೂ ರೈಲು ಓಡ್ತಿದೆ ಕಣೋ ಸ್ವೆಟೋ. ಹೋಗಿ ಡಾಕ್ಟರಿಗೆ ತೋರಿಸು."

"ಕಾರು ಹತ್ತು ಮೇಸ್ತ್ರಿ, ಹತ್ತು. ಓಡಿಸಿಯೇ ನೋಡೋಣ. ಡಾಕ್ಟರು ಯಾರಿಗೆ ಬೇಕು ಅಂತ ಆಮೇಲೆ ತೀರ್ಮಾನ ಮಾಡೋಣ."

ಚರ್ಚಿನ ಹತ್ತಿರ ಎಡಕ್ಕೆ ತಿರುಗಿದಾಗ ಕಾರು ಟಕ್ ಟಕ್ ಎಂದಿತು. ಬಾಗಿಲು ತಟ್ಟಿದಷ್ಟು ಸ್ಪಷ್ಟವಾಗಿತ್ತು. ರಾದೊಯೆ ಮುಂದಿನ ರಸ್ತೆ ನೋಡುತ್ತಾ, "ನೋಡಿದ್ಯಾ? ಬೆಣ್ಣೆ ಹಾಗೆ ಓಡ್ತಿದೆ," ಎಂದ. ಎಂಥ ಭಂಡ ಎಂದುಕೊಂಡ ಸ್ವೆಟೋಜಾರ್, ಸಿಟ್ಟಿನಲ್ಲೇ ಊರಾಚೆಯ ಗೇಟಿಲ್ಲದ ರೈಲ್ವೆ ಕ್ರಾಸಿಂಗಿನವರೆಗೂ ಓಡಿಸಿದ. ಅಲ್ಲಿ ಜೋಳದ ಹೊಲದ ತಿರುವಿನ ಹಿಂದಿನಿಂದ ಸಿಳ್ಳೆ ಕೇಳಿ ಬ್ರೇಕು ಒತ್ತಿದ.

"ಯಾಕೆ ನಿಲ್ಸಿದೆ? ಹೋಗು, ದಾರಿ ಖಾಲಿ ಇದೆ," ಎಂದ ರಾದೊಯೆ.

ಸಿಳ್ಳೆ ಎರಡನೆಯ ಸಲ ಬಂತು, ಇನ್ನೂ ಹತ್ತಿರದಿಂದ.

"ಹೋಗೋ ಮಾರಾಯ. ಪೆಟ್ರೋಲ್ ಮುಗೀತಾ?"

ಜೋಳದ ಮರೆಯಿಂದ ಎಂಜಿನ್ನು ಹೊರಬಂತು. ಹನ್ನೊಂದು ಗೂಡ್ಸ್ ಡಬ್ಬಿಗಳು ಕಾರಿನ ಮೂತಿಯ ಮುಂದೆಯೇ ಹಾದುಹೋದವು. ಎಂಟನೆಯದರ ಹಿಂದಿನ ಗಾಲಿಯಲ್ಲಿ ಬಿರುಕಿದೆ ಎಂದು ಸ್ವೆಟೋಜಾರನ ಕಿವಿ ತಾನಾಗಿಯೇ ಗುರುತು ಹಾಕಿಕೊಂಡಿತು. ರಾದೊಯೆ, ರೈಲು ಹೋದ ಮೇಲೂ, ಹಳಿಯನ್ನೇ ನೋಡುತ್ತಿದ್ದ.

ಸ್ವೆಟೋಜಾರನಿಗೆ ರೈಲ್ವೆಯಲ್ಲಿ ತನಗೆ ಕೆಲಸ ಕಲಿಸಿದವನು ನೆನಪಾದ. ವರ್ಷದ ಕಿವಿ ಪರೀಕ್ಷೆಯಲ್ಲಿ ಅವನು ಸೋತ ದಿನ, ಮಧ್ಯಾಹ್ನದ ಊಟಕ್ಕೆ ಮೊದಲೇ ಸುತ್ತಿಗೆ ಕಿತ್ತುಕೊಂಡು ಕೈಗೆ ಪೊರಕೆ ಕೊಟ್ಟಿದ್ದರು. ಸ್ವೆಟೋಜಾರ್ ಸೀಟಿನಲ್ಲಿ ಪೂರ್ತಿ ತಿರುಗಿ, ತುಟಿ ಕಾಣುವ ಹಾಗೆ ಕೇಳಿದ:

"ಎಷ್ಟು ದಿನದಿಂದ?"

"ಮೂರು ಚಳಿಗಾಲ ಆಯ್ತು. ದೆಸಾಂಕಾಗೆ ಮಾತ್ರ ಗೊತ್ತು."

"ಮತ್ತೆ ಎಂಜಿನ್ನಿನ ರೋಗ ಹೇಗೆ ಹಿಡೀತೀಯ?"

"ದೊಡ್ಡ ದೊಡ್ಡ ಕಾಯಿಲೆಯೆಲ್ಲ ಕೈಗೇ ಗೊತ್ತಾಗುತ್ತೆ, ಸ್ಕ್ರೂಡ್ರೈವರ್ ನಡುಗುತ್ತಲ್ಲ. ನಿನ್ನದು ಸಣ್ಣದು." ರಾದೊಯೆ ಜೇಬಿನಿಂದ ಬಿಲ್ಲು ತೆಗೆದು ತೊಡೆಯ ಮೇಲೆ ಹರಡಿದ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಮೊದಲ ಸಾಲಿನ ಮೇಲಿಟ್ಟ. ಸ್ವೆಟೋಜಾರ್ ಅವನ ಕೈ ಹಿಡಿದ.

"ಗೆರೆ ಎಳೀಬೇಡ. ಇವತ್ತು ನನಗೆ ಎಳೆದ್ರೆ ನಾಳೆ ಎಲ್ಲರೂ ಎಳಿ ಅಂತಾರೆ."

ಗ್ಯಾರೇಜಿನ ಬಾಗಿಲಲ್ಲಿ ಉಗ್ಲೆಶಾ ಕಾಯುತ್ತಿದ್ದ. ಅವನ ಪಕ್ಕದಲ್ಲಿ ಗಿರಾಕಿಯೂ ಒಂದು ಕೆನ್ನೆಯ ನೊರೆ ಸಮೇತ ಬಂದು ನಿಂತಿದ್ದ. ಅವರ ಹಿಂದೆ ದೆಸಾಂಕಾ, ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಏನಾಯ್ತು? ಸದ್ದು ಇದೆಯೋ ಇಲ್ವೋ?" ಎಂದ ಉಗ್ಲೆಶಾ.

ಸ್ವೆಟೋಜಾರ್ ಕಾರಿನ ಬಾಗಿಲು ಹಾಕಿದ. ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಹಾಕಿದ.

"ಇಲ್ಲ. ನನ್ನ ಕಿವೀನೇ ಕೆಟ್ಟಿದೆ."

"ನಿನ್ನ ಕಿವೀನಾ? ಮೂವತ್ನಾಲ್ಕು ವರ್ಷ ಗಾಲಿ ತಟ್ಟಿದವನು ನೀನು."

"ಅದಕ್ಕೇ. ತಟ್ಟಿ ತಟ್ಟಿ ಹೋಯ್ತು."

ಸುದ್ದಿ ಸಂಜೆಯೊಳಗೆ ಊರೆಲ್ಲ ಮುಟ್ಟಿತು. ಬಿದ್ದ ಸರ್ಕಾರದ ಬಗ್ಗೆ ಯಾರೂ ಮಾತಾಡಲಿಲ್ಲ.

ಎಂಟುನೂರು ದಿನಾರ್ ಸಂದಾಯವಾಯಿತು. ಈಗ ಊರವರು ಸ್ವೆಟೋಜಾರನ ಜೊತೆ ಏರುದನಿಯಲ್ಲಿ ಮಾತಾಡುತ್ತಾರೆ. ರಾದೊಯೆಯ ಜೊತೆ ಎಂದಿನಂತೆ ಮೆಲ್ಲಗೆ. ಗಿರಾಕಿಗಳ ಕಾರು ಓಡಿಸಿ ನೋಡುವಾಗ ದೆಸಾಂಕಾ ಜೊತೆಗೆ ಕೂತಿರುತ್ತಾಳೆ. ಸ್ವೆಟೋಜಾರ್ ಆದಷ್ಟೂ ಬಲಕ್ಕೇ ತಿರುಗುತ್ತಾನೆ.