ನಿಯಾನ್ ಪೇಟೆ, ಮೊದಲನೇ ಭಾಗ

ಸತ್ತವರು ತಾವು ಆಡಿದ ಆಟಗಳಲ್ಲೇ ಉಳಿದುಕೊಳ್ಳುತ್ತಿದ್ದ ಕಾಲವದು. ತೀರಿಕೊಂಡ ತಮ್ಮ ಪ್ರಣೀತನನ್ನು ಹುಡುಕಿಕೊಂಡು ಚಂಪಾ ಗೇಮ್ ಅಂಗಡಿಗೆ ಬಂದಿದ್ದಳು. ‘ನಿಯಾನ್ ಪೇಟೆ’ ಎಂಬ ವಿಡಿಯೋ ಗೇಮಿನ ಮೂರೂ ಭಾಗಗಳಲ್ಲಿ ಅವನಿದ್ದ.

“ಯಾವುದರಿಂದ ಶುರು ಮಾಡ್ಲಿ?”

“ಮೂರನೇದು ತಗೊಳ್ಳಿ ಮೇಡಂ,” ಎಂದ ಅಂಗಡಿಯ ಇಮ್ತಿಯಾಜ್. “ಅದ್ರಲ್ಲಿ ನಿಮ್ ತಮ್ಮ ಭಾರೀ ಪಂಟ. ಕೈಯೆರಡೂ ಉಕ್ಕಿಂದು. ರೋಬೋ ಪೊಲೀಸ್ರೇ ದಾರಿ ಬಿಡ್ತಾರೆ.”

“ಮೊದಲನೇದ್ರಲ್ಲಿ?”

“ಅಯ್ಯೋ, ಅದು ಅವನು ಚಿಕ್ಕವನಿದ್ದಾಗ ಆಡಿದ್ದು. ದಾರೀನೇ ಗೊತ್ತಿಲ್ಲ ಪಾಪ. ಯಾರು ಒಳಗೆ ಹೋದ್ರೂ, ತಿರುವು ತಿರುವಿಗೂ ನಿಂತ್ಕೊಂಡು ‘ಅಕ್ಕಾ, ಎತ್ಲಾಗೆ?’ ಅಂತಾನೆ. ಹೇಳೋವರೆಗೂ ಕದಲಲ್ಲ. ನಿಮಗೆ ದಾರಿ ಗೊತ್ತಾ?”

“ಇಲ್ಲ.”

“ಮತ್ತೆ? ಆಟ ಮುಗಿಯೋದೇ ಇಲ್ವಲ್ಲ!”

ಚಂಪಾ ಆಗಲೇ ಮೊದಲನೇ ಭಾಗದ ಗೇಮ್ ಹೆಲ್ಮೆಟ್ ಹಾಕಿಕೊಂಡಿದ್ದಳು.