ಬರಿಗೈ

"ಕೈ ಹಿಂದಕ್ಕೆ ತಗೊಳ್ಳಿ!" ಪಶುವೈದ್ಯೆ ಗದರಿದ ರಭಸಕ್ಕೆ ಲಾಯ ನೋಡಿಕೊಳ್ಳುವ ಮುದುಕ ಬರಿಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಹೊಟ್ಟೆಯ ಆಪರೇಷನ್ ಆಗಿ ಹತ್ತು ದಿನವಾದರೂ ಹೆಣ್ಣುಕುದುರೆಯ ಹೊಲಿಗೆಯಿಂದ ಕೀವು ಸೋರುತ್ತಲೇ ಇತ್ತು. "ಲ್ಯಾಬ್ ವರದಿ ಬಂತು ಅಜ್ಜಾ. ನಿಮ್ಮ ಕೈಯಿಂದ ತೆಗೆದ ಸ್ಯಾಂಪಲ್‌ನಲ್ಲೂ ಅದೇ ರೋಗಾಣು ಇದೆ. ಈ ಸೋಂಕು ನಿಮ್ಮ ಕೈಯಿಂದಾನೇ ಅಂಟಿರೋದು. ಗ್ಲೌಸ್ ಹಾಕ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ!"

"ಗ್ಲೌಸ್ ಹಾಕಿದ್ರೆ ಇವಳು ಮುಖ ತಿರುಗಿಸ್ತಾಳೆ ಡಾಕ್ಟ್ರಮ್ಮ."

ಆಕೆ ಪೆನ್ನು ತೆಗೆದಳು. "ಹೋಗ್ಲಿ, ಔಷಧಿ ಬದಲಾಯಿಸ್ತೀನಿ, ವಾಸಿಯಾಗ್ತಾಳೆ. ಆದ್ರೆ ನಿಮ್ಮಿಂದ ಬೇರೆಯವರಿಗೂ ಅಂಟಿರಬಹುದು. ಈ ತಿಂಗಳು ಯಾರ್ಯಾರನ್ನ ಮುಟ್ಟಿದ್ದೀರಿ? ಮನೆಯೋರು, ಮೊಮ್ಮಕ್ಕಳು, ಒಬ್ಬರನ್ನೂ ಬಿಡದೆ ಹೇಳಿ."

ಮುದುಕ ಬೆನ್ನ ಹಿಂದೆಯೇ ಬೆರಳು ಮಡಚತೊಡಗಿದ. ಎಣಿಕೆ ಒಂದಕ್ಕೇ ನಿಂತಿತು. ಕುದುರೆ ಮೂತಿ ಚಾಚಿ ಆ ಕೈಯನ್ನೇ ಹುಡುಕುತ್ತಿತ್ತು.

"ಇವಳೊಬ್ಬಳನ್ನೇ," ಎಂದ.