ಸೆರಗಿನೊಳಗಿನ ಕಿಡಿ

ಪೆಟ್ರೋಲಿನ ವಾಸನೆ ಬಂದರೆ ಈಗಲೂ ಇಳಕಲ್ಲಿನ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಹುನಗುಂದದಲ್ಲಿ ಅಂದು ಸಂಜೆ ಚಿಕ್ಕಮ್ಮನ ಕೂಸಿಗೆ ಹೆಸರಿಡುವುದಿತ್ತು. ಹೊಸ ಫ್ರಾಕು ತೊಟ್ಟು ನಾನು ಕುಣಿಯುತ್ತಿದ್ದೆ. ಅಪ್ಪ ಎಷ್ಟು ಒದ್ದರೂ ಹಳೆಯ ಸ್ಕೂಟರಿನ ಎಂಜಿನ್ ತಿರುಗುತ್ತಿತ್ತೇ ಹೊರತು ಚಾಲೂ ಆಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ.

“ಎಲ್ಲೋ ತಂತಿ ಕಡದಿರಬೇಕ್ರಿ,” ಎಂದಳು ಸೀರೆ ನೇಯುವ ಅವ್ವ.

“ಇದು ನಿನ್ನ ಮಗ್ಗಲ್ಲ, ಸುಮ್ನಿರು,” ಎಂದ ಅಪ್ಪ.

ಅವ್ವ ಸುಮ್ಮನಿರಲಿಲ್ಲ. ಕಡಿದ ಎಳೆ ಹುಡುಕುವಂತೆ ಕಣ್ಣು ಮುಚ್ಚಿ, ತಂತಿಯುದ್ದಕ್ಕೂ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ರಬ್ಬರು ನೆಟ್ಟಗಿತ್ತು, ಒಳಗೆ ತಂತಿ ತುಂಡಾಗಿತ್ತು. ಅಪ್ಪ ಅಲ್ಲಿ ರಬ್ಬರು ಸುಲಿದು, ತಂತಿ ಹೊಸೆದು, ಟೇಪು ಸುತ್ತಿದ.

ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿಟ್ಟು ಕಿಡಿ ನೋಡಬೇಕು. ಆ ಬಿಸಿಲಲ್ಲಿ ಏನು ಕಂಡೀತು? ಅವ್ವ ನನ್ನನ್ನು ಎಳೆದುಕೊಂಡು, ಇಬ್ಬರ ತಲೆಯ ಮೇಲೂ ಪ್ಲಗ್ಗಿನ ಮೇಲೂ ಕೆಂಪು ಸೆರಗು ಮುಚ್ಚಿದಳು. ಒಳಗೆ ಗಂಜಿಯ ವಾಸನೆ, ಪೆಟ್ರೋಲಿನ ವಾಸನೆ, ಅವ್ವನ ಬಿಸಿಯುಸಿರು. ಹೊರಗೆ ಅಪ್ಪ ಒದ್ದ. ಚಟ್ಟನೆ ನೀಲಿ ಕಿಡಿ ಹಾರಿತು. ನಾನು ಕೂಗುವಷ್ಟರಲ್ಲಿ ಅವ್ವ ನನ್ನ ಬಾಯಿ ಮುಚ್ಚಿದಳು.

“ಕಂಡ್ತೇನು?” ಅಪ್ಪ ಏದುಸಿರು ಬಿಡುತ್ತಾ ಕೇಳಿದ.

“ಇಲ್ರಿ,” ಎಂದಳು ಅವ್ವ, ನಗು ನುಂಗುತ್ತಾ. “ಇನ್ನೊಮ್ಮಿ ಒದೀರಿ.”